ಆನೆ ಕಾಯುವ ಕಣ್ಣಲ್ಲಿ ಕಡಲು ನೋಡಿದ್ದು

"ಕಾಸು ಕೊಟ್ಟು ನೀರು ನೋಡೋಕೆ ಹೋಗ್ತೀಯಾ ಮಾರಾಯ?" ಹಡಗಿನ ಡೆಕ್ಕಿನಿಂದ ಕಡಲ ಹಕ್ಕಿ, ಡಾಲ್ಫಿನ್ ನೋಡಲು ಹೊರಟಾಗ ಕೊಡಗಿನ ವಿರಾಜಪೇಟೆಯ ನಮ್ಮ ಹಕ್ಕಿ ನೋಡುವ ಗೆಳೆಯರು ಕೇಳಿದ್ದು ಇದನ್ನೇ. ಹಡಗಿನಲ್ಲಿ ಊಟ, ಹಾಡು, ಸೆಲ್ಫಿ ಬಿಟ್ಟರೆ ಏನೂ ಸಿಗುವುದಿಲ್ಲ ಎಂಬುದು ಅವರ ವಾದ. ಈಗ ನನ್ನ ನೋಟ್‌ಬುಕ್ ನೋಡಿ ಸುಮ್ಮನಾಗಿದ್ದಾರೆ. ಅದಕ್ಕೇ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಾನು ಹೋಗುವುದು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ. ಮಾಕುಟ್ಟ ಘಾಟಿ ಇಳಿದು ಕಣ್ಣೂರು, ಅಲ್ಲಿಂದ ರೈಲು. ಆ ದ್ವೀಪಗಳಿಗೆ ಹೋಗಲು ಮೊದಲೇ ಪರ್ಮಿಟ್ ಬೇಕು. ಕಾವೇರಿ ತೀರ್ಥೋದ್ಭವ ಮುಗಿದು ಅರೇಬಿಕಾ ಕಾಫಿ ಕೊಯ್ಲು ಶುರುವಾಗುವ ಮೊದಲು ಒಂದು ಸಣ್ಣ ಬಿಡುವು ಇರುತ್ತದಲ್ಲ, ಆಗ. ನಾನು ಹೋದಾಗ ಟಿಕೆಟ್ ತಲೆಗೆ 30ರಿಂದ 40 ಸಾವಿರ ಇತ್ತೆಂದು ನೆನಪು. ಒಬ್ಬರಿಗೆ ಒಂದು ಚೀಲ ಕರಿಮೆಣಸು ಎಂದಿಟ್ಟುಕೊಳ್ಳಿ. ಹೆಂಡತಿಯೂ ಹೊರಟರೆ ಎರಡು ಚೀಲ.

ಮೊದಲ ಸಲ ದುಡ್ಡು ಹೋಯಿತು, ಹೊಟ್ಟೆಯಲ್ಲಿದ್ದದ್ದೂ ಹೋಯಿತು. ದೊಡ್ಡ ಲೆನ್ಸ್, ಟ್ರೈಪಾಡ್, ಸ್ಪಾಟಿಂಗ್ ಸ್ಕೋಪ್ ಎಂಬ ದೂರದ ಹಕ್ಕಿ ನೋಡುವ ದುರ್ಬೀನು ಎಲ್ಲ ಹೊತ್ತಿದ್ದೆ. ಇಂಜಿನ್ನಿನ ನಡುಕ ಡೆಕ್ಕಿನಿಂದ ಟ್ರೈಪಾಡಿನ ಕಾಲಿಗೆ ಏರುತ್ತದೆ. ಸ್ಕೋಪಿನಲ್ಲಿ ಕಣ್ಣಿಟ್ಟರೆ ಇಡೀ ಕಡಲು ತಟ್ಟೆಯಲ್ಲಿಟ್ಟ ಜೆಲ್ಲಿಯ ಹಾಗೆ ಅದುರುತ್ತಿತ್ತು. 10 ಪಟ್ಟಿನ ಬೈನಾಕ್ಯುಲರ್ ಕೂಡ ಕೈಯಲ್ಲಿ ನಿಲ್ಲುವುದಿಲ್ಲ. 8 ಪಟ್ಟಿನದೇ ಸರಿ. ಇನ್ನು ಉಪ್ಪು. ಒಣಗಿದ ಉಪ್ಪಿನ ಮೇಲೆ ಬಟ್ಟೆ ಉಜ್ಜಿದರೆ ಗ್ಲಾಸಿಗೆ ಗೀರು ಖಂಡಿತ. ಮೊದಲು ಬಾಟಲಿಯ ಸಿಹಿನೀರು ಹಾಕಿ ತೊಳೆಯಬೇಕು. ಮೈಸೂರಿನಲ್ಲಿ ರಿಪೇರಿಗೆ ನಾಲ್ಕೈದು ಸಾವಿರ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಲೆನ್ಸಿಗೆ ಹತ್ತುವ ನಮ್ಮ ಫಂಗಸ್ಸೇ ವಾಸಿ ಅನ್ನಿಸಿತು.

ಆಮೇಲೆ ಮನೆಯ ವಿದ್ಯೆಯನ್ನೇ ಅಲ್ಲಿಗೆ ತೆಗೆದುಕೊಂಡು ಹೋದೆ. ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ನಾವು ಆನೆಯನ್ನು ಹುಡುಕುತ್ತೇವಾ? ಇಲ್ಲ. ಗಾಳಿ ಇಲ್ಲದಾಗ ಒಂದೇ ಒಂದು ಕಾಫಿ ಗಿಡ ಅಲ್ಲಾಡಿತಾ, ಬಗನಿ ಮರ ಮುರಿದ ಸದ್ದು ಬಂತಾ, ಅಷ್ಟೇ ನೋಡುತ್ತೇವೆ. ಕಡಲಿನಲ್ಲೂ ಡಾಲ್ಫಿನ್ ಹುಡುಕಬೇಡಿ. ಬರಿಗಣ್ಣಲ್ಲಿ ದೂರದ ಗೆರೆಯನ್ನು ನಿಧಾನಕ್ಕೆ ನೋಡುತ್ತಾ ಹೋಗಿ. ಟರ್ನ್ ಎಂಬ ಕಡಲ ಹಕ್ಕಿಗಳು ಒಂದೇ ಕಡೆ ಸುತ್ತಿ ಸುತ್ತಿ ನೀರಿಗೆ ಎರಗುತ್ತಿದ್ದರೆ ಅಲ್ಲಿ ಕೆಳಗೆ ಏನೋ ನಡೆಯುತ್ತಿದೆ. ಲಕ್ಷದ್ವೀಪದ ಮಿನಿಕಾಯ್ ದ್ವೀಪದವರು ಟ್ಯೂನಾ ಮೀನಿನ ಹಿಂಡು ಪತ್ತೆ ಮಾಡುವುದೂ ಹಕ್ಕಿ ನೋಡಿಯೇ. ಬೈನಾಕ್ಯುಲರ್ ಎತ್ತುವುದು ಆಮೇಲೆ. ಹಾಗೆ ನೋಡಲು ಶುರು ಮಾಡಿದ ಮೇಲೆಯೇ ಸ್ಪಿನ್ನರ್ ಡಾಲ್ಫಿನ್ ಸಿಕ್ಕಿದ್ದು. ನೀರಿನಿಂದ ನೆಟ್ಟಗೆ ಎದ್ದು, ಗಾಳಿಯಲ್ಲೇ ಗಿರಗಿರ ಸುತ್ತಿ, ಬೆನ್ನು ಬಡಿದು ಬೀಳುತ್ತವೆ. 50 ಇರಬಹುದು, 80 ಇರಬಹುದು, ಎಣಿಸಲು ಬಿಡುವುದಿಲ್ಲ.

ಹೊತ್ತು ಬಹಳ ಮುಖ್ಯ. ಬೆಳಕು ಹರಿದ ಮೊದಲ ಒಂದು ಗಂಟೆ ಸಾಕು. ಗಾಳಿ ಎದ್ದು ಅಲೆಯ ತಲೆ ಬೆಳ್ಳಗಾಯಿತೋ, ಎಲ್ಲವೂ ಡಾಲ್ಫಿನ್ ಬೆನ್ನಿನ ಹಾಗೇ ಕಾಣುತ್ತದೆ. ಒಳಗೆ ಹೋಗಿ ತಿಂಡಿ ತಿನ್ನಿ. ನಿಲ್ಲುವ ಜಾಗವೂ ಮುಖ್ಯ, ಆದರೆ ಯಾವ ಡೆಕ್ಕಿನ ಯಾವ ಮೂಲೆ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಅಲ್ಲಿ ನಿಮ್ಮ ಕುರ್ಚಿ ಇರುತ್ತದೆ. ವಾಂತಿಗೆ ಹೆಂಡತಿಯ ಹತ್ತಿರ ಒಂದು ಮದ್ದಿದೆ. ಅದು ಅವಳ ಗುಟ್ಟು.

ಆ ಮೂಲೆಯಿಂದ ಕೆಳಗೆ ನೋಡಿದರೆ ಹಾರುಮೀನು. ಹಡಗು ಸೀಳುವ ಅಲೆಗೆ ಹೆದರಿ ಏಳುತ್ತವೆ. ರೆಕ್ಕೆ ಬಡಿಯುವುದಿಲ್ಲ, ಸುಮ್ನೆ ಬಿಚ್ಚಿಕೊಂಡು ತೇಲುತ್ತವೆ. ವೇಗ ಬರುವುದು ಬಾಲದಿಂದ. ಮೈ ಮೇಲೆದ್ದ ಮೇಲೂ ಬಾಲದ ಕೆಳಗಿನ ತುದಿ ನೀರನ್ನು ಬಡಿಯುತ್ತಲೇ ಇರುತ್ತದೆ. ನೀರಿನ ಮೇಲೆ ಹೊಲಿಗೆ ಹಾಕಿದಂಥ ಗೆರೆ ಮೂಡುತ್ತದೆ. ಇದು ಗೊತ್ತಿರುವ ಬೂಬಿ ಹಕ್ಕಿ ಹಡಗಿನ ಪಕ್ಕದಲ್ಲೇ, ಕಂಬಿಯ ಎತ್ತರದಲ್ಲೇ, ತಲೆ ಬಗ್ಗಿಸಿಕೊಂಡು ಹಾರುತ್ತಿರುತ್ತದೆ. ಮೀನು ಎದ್ದ ಕೂಡಲೇ ಬಾಣ. ಪಕ್ಕದವರು ಅದನ್ನು ಕೊಕ್ಕರೆ ಅಂದರು. ತಿದ್ದಲು ಹೋಗಲಿಲ್ಲ.

ಮಧ್ಯೆ ಒಂದು ಪ್ರಯೋಗ. ಮೀನಿನ ತಲೆ, ಕರುಳು ಎಸೆದರೆ ಹಕ್ಕಿ ಜಾಸ್ತಿ ಬರುತ್ತದೆ ಎಂದು ಅಡುಗೆಯವರನ್ನು ಕೇಳಿದೆ. ಅವರು ಕೈ ಮುಗಿದರು. ತೀರದಿಂದ 12 ನಾಟಿಕಲ್ ಮೈಲಿಯ ಒಳಗೆ ರುಬ್ಬದ ಅಡುಗೆ ಕಸ ಎಸೆಯುವಂತಿಲ್ಲವಂತೆ. ಹೊರಗಾದರೂ ಪ್ರಯಾಣಿಕರ ಕೈಗೆ ಕೊಡುವುದಿಲ್ಲ ಎಂದರು. ಸರಿ, ಬಿಟ್ಟೆ. ಇನ್ನೊಂದು ಪ್ರಯೋಗ ಪುಕ್ಕಟೆ. ನಡುರಾತ್ರಿ ಎದ್ದು ಡೆಕ್ಕಿನ ದೀಪಗಳ ಕೆಳಗೆ ಒಂದು ಸುತ್ತು. ಸ್ಟಾರ್ಮ್ ಪೆಟ್ರೆಲ್ ಎಂಬ ಒಂದು ಕಡಲ ಹಕ್ಕಿ ಮೂಲೆಯಲ್ಲಿ ಒದ್ದಾಡುತ್ತಿತ್ತು. ಬೆಳಕಿಗೆ ಮರುಳಾಗಿ ಇಳಿದ ಮೇಲೆ ಇವುಗಳಿಗೆ ಡೆಕ್ಕಿನಿಂದ ಮೇಲೇಳಲು ಆಗುವುದಿಲ್ಲ. ಮುಷ್ಟಿಯಷ್ಟು ಹಕ್ಕಿ, ಮೈಯೆಲ್ಲ ಮಸಿ ಬಣ್ಣ. ಕೊಕ್ಕಿನ ಮೇಲೆ ಸಣ್ಣ ಕೊಳವೆ. ಕೈಗೆ ಒಂಥರಾ ಎಣ್ಣೆ ವಾಸನೆ ಹತ್ತಿತು. ಚಪ್ಪಲಿ ಡಬ್ಬದಲ್ಲಿ ಕತ್ತಲು ಮಾಡಿ ಇಟ್ಟು, ಬೆಳಕು ಹರಿಯುವ ಮೊದಲು ದೀಪ ಬೀಳದ ಕಡೆಯಿಂದ ಬಿಟ್ಟೆ. ಹೋಯಿತು.

ಗೆಳೆಯರ ಬಾಯಿ ಮುಚ್ಚಿಸಿದ್ದು ಮಾತ್ರ ಏರೋಪ್ಲೇನ್ ಚಿಟ್ಟೆ, ಅಂದರೆ ಡ್ರ್ಯಾಗನ್‌ಫ್ಲೈ. ಎತ್ತ ನೋಡಿದರೂ ನೆಲವಿಲ್ಲ, ಕಂಬಿಯ ಕೆಳಗೆ ಹಳದಿ ಮೈಯದೊಂದು ನೆಟ್ಟಗೆ ನೇತಾಡುತ್ತಿದೆ. ಆಮೇಲೆ ನೋಡಿದರೆ ಹಗ್ಗಕ್ಕೆ ಎರಡು, ಲೈಫ್‌ಬೋಟ್ ಪಕ್ಕ ಒಂದು ಹಿಂಡು. ಮಳೆ ಬಿಟ್ಟ ಮೇಲೆ ನಮ್ಮ ಗದ್ದೆಯ ಮೇಲೆ ಹಾರುತ್ತದಲ್ಲ, ಅದೇ ಜಾತಿ, ಪಂಟಾಲಾ ಫ್ಲಾವೆಸೆನ್ಸ್. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಕಡಲ ವಿಜ್ಞಾನಿ 2009ರಲ್ಲೇ ಬರೆದಿದ್ದರು, ಇವು ಭಾರತದಿಂದ ಮಾಲ್ಡೀವ್ಸ್ ಮೇಲಾಗಿ ಆಫ್ರಿಕಾಕ್ಕೆ ಹೋಗುತ್ತವೆ ಎಂದು. ಆ ದ್ವೀಪಗಳಲ್ಲಿ ಮೊಟ್ಟೆಯಿಡಲು ಕೆರೆ ಹೊಂಡ ಇಲ್ಲವೆನ್ನಬೇಕು. ಆದರೂ ಅಕ್ಟೋಬರ್ ಬಂತೆಂದರೆ ಲಕ್ಷಗಟ್ಟಲೆ ಬಂದಿಳಿಯುತ್ತವೆ. ಆಂಡರ್ಸನ್ ಅವರಿಗೆ ಅನುಮಾನ ಬಂದಿದ್ದೇ ಅಲ್ಲಿಂದ. ಫೋಟೋ ತೋರಿಸಿದಾಗ "ಚಿಟ್ಟೆ ನೋಡೋಕೆ 40 ಸಾವಿರಾನಾ" ಎಂದು ನಕ್ಕವನೇ ಮರುದಿನ ಫೋನ್ ಮಾಡಿ ಟಿಕೆಟ್ ವಿಚಾರಿಸಿದ.

ಅದೇ ದಾರಿಯಲ್ಲಿ, ಈ ಚಿಟ್ಟೆಗಳನ್ನೇ ತಿನ್ನುತ್ತಾ, ಅಮುರ್ ಫಾಲ್ಕನ್ ಎಂಬ ಬೇಟೆ ಹಕ್ಕಿ ಕೂಡ ಕಡಲು ದಾಟುತ್ತದೆ. ಅದು ನನಗೆ ಇನ್ನೂ ಸಿಕ್ಕಿಲ್ಲ. ಅದರ ಕಾಲ ನವೆಂಬರ್, ಡಿಸೆಂಬರ್. ಆಗ ನಮಗೆ ಕೊಯ್ಲು, ಕೆಲಸದವರು ಸಿಗುವುದೇ ಕಷ್ಟ, ಒಣಹಾಕಿದ್ದಕ್ಕೆ ಮೋಡದ ಭಯ ಬೇರೆ. ಒಂದು ವಾರ ತೋಟ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಹೇಳಿ. ಬದಲಿಗೆ ಆ ಡೆಕ್ಕಿನ ಮೂಲೆ ತೋರಿಸುತ್ತೇನೆ.