ಸೆಮಿಸ್ಟರ್, ಕ್ವಾರ್ಟರ್, ವಾರ್ಷಿಕ: ಸೈನ್ಸ್ ಕ್ರೆಡಿಟ್ ಕಳ್ಕೊಳ್ದೆ ಕಾಲೇಜು ಬದಲಾಯಿಸೋದು ಹೇಗೆ

"ಮಿಸ್, ಇಲ್ಲಿ ನಾಲ್ಕು ಸೆಮಿಸ್ಟರ್ ಮುಗ್ಸಿದೀನಿ, ಅಮೆರಿಕಾದಲ್ಲಿ ಎಷ್ಟು ಕ್ರೆಡಿಟ್ ತಗೋತಾರೆ?" ನಮ್ಮ ಕೊಡಗಲ್ಲಿ ಬಿಎಸ್ಸಿ ಓದೋ ಮಕ್ಕಳು ನನ್ನ ಹತ್ರ ಕೇಳೋ ಪ್ರಶ್ನೆ ಇದೇ. ಮಡಿಕೇರಿ ಆಗ್ಲಿ ವಿರಾಜಪೇಟೆ ಆಗ್ಲಿ ಗೋಣಿಕೊಪ್ಪ ಆಗ್ಲಿ, ಎಲ್ರಿಗೂ ಬೇಕಾಗಿರೋದು ಒಂದು ನಂಬರ್. ಆ ನಂಬರ್ ಲೆಕ್ಕ ಹಾಕೋದು ಐದು ನಿಮಿಷದ ಕೆಲ್ಸ, ಕೆಳಗೆ ಹೇಳ್ತೀನಿ. ಆದ್ರೆ ಕ್ರೆಡಿಟ್ ಕೈ ತಪ್ಪೋದು ನಂಬರಿಂದ ಅಲ್ಲ, ಸಿಲಬಸ್ ಹೊಂದಿಕೆ ಆಗ್ದೆ ಇರೋದ್ರಿಂದ ಮತ್ತೆ ಲ್ಯಾಬ್ ಮಾಡಿದ್ದಕ್ಕೆ ಪುರಾವೆ ಇಲ್ದೆ ಇರೋದ್ರಿಂದ. ಸೈನ್ಸಲ್ಲಿ ಇದು ಬೇರೆ ಸಬ್ಜೆಕ್ಟ್‌ಗಳಿಗಿಂತ ಜಾಸ್ತಿ.

ಮೊದ್ಲು ಲೆಕ್ಕ ನೋಡ್ಬಿಡೋಣ. ನಮ್ಮಲ್ಲಿ ಯುಜಿಸಿ ಪ್ರಕಾರ ವಾರಕ್ಕೆ ಒಂದು ಗಂಟೆ ಪಾಠ, ಹೀಗೆ 15 ವಾರ, ಅಂದ್ರೆ 15 ಗಂಟೆ ಥಿಯರಿಗೆ 1 ಕ್ರೆಡಿಟ್, ಪ್ರಾಕ್ಟಿಕಲ್ ಆದ್ರೆ ವಾರಕ್ಕೆ ಎರಡು ಗಂಟೆ, 30 ಗಂಟೆಗೆ 1 ಕ್ರೆಡಿಟ್. ಅಮೆರಿಕಾದಲ್ಲಿ ಸೆಮಿಸ್ಟರ್ ಅಂದ್ರೆ ಸುಮಾರು 15 ವಾರ, ಕ್ವಾರ್ಟರ್ ಅಂದ್ರೆ ಸುಮಾರು 10 ವಾರ. ಹಾಗಾಗಿ ಸೆಮಿಸ್ಟರ್ ಕ್ರೆಡಿಟನ್ನ ಕ್ವಾರ್ಟರ್‌ಗೆ ಮಾಡೋಕೆ 1.5ರಿಂದ ಗುಣಿಸಿ, ಕ್ವಾರ್ಟರಿಂದ ಸೆಮಿಸ್ಟರ್‌ಗೆ ಬರೋಕೆ 1.5ರಿಂದ ಭಾಗಿಸಿ, ಅಷ್ಟೇ. ಅಲ್ಲಿ ಡಿಗ್ರಿಗೆ 120 ಸೆಮಿಸ್ಟರ್ ಕ್ರೆಡಿಟ್ ಬೇಕು ಅನ್ನೋ ಕಡೆ ಮತ್ತು 180 ಕ್ವಾರ್ಟರ್ ಕ್ರೆಡಿಟ್ ಬೇಕು ಅನ್ನೋ ಕಡೆ ಎರಡೂ ಒಂದೇ ಅಳತೆ. ಯೂರೋಪಲ್ಲಿ ಈಸಿಟಿಎಸ್ ಅಂತ ಇದೆ, ಒಂದು ವರ್ಷಕ್ಕೆ 60, ಅದರ ಅರ್ಧ ತಗೊಂಡ್ರೆ ಹೆಚ್ಚುಕಮ್ಮಿ ಅಮೆರಿಕಾದ ಸೆಮಿಸ್ಟರ್ ಕ್ರೆಡಿಟ್ ಬರತ್ತೆ. ಕೆನಡಾದ ಟೊರೊಂಟೊ ಯೂನಿವರ್ಸಿಟಿಲಿ ಒಂದು ಟರ್ಮ್‌ನ ಕೋರ್ಸ್ 0.5, ಇಡೀ ವರ್ಷದ್ದು 1.0, ಡಿಗ್ರಿಗೆ 20.0. ಅಲ್ಲಿ 0.5 ನೋಡಿ ಗಾಬರಿ ಆಗ್ಬೇಡಿ, ಅದು ಪೂರ್ತಿ ಒಂದು ಕೋರ್ಸು.

ಒಂದು ಎಚ್ಚರಿಕೆ. ನಮ್ಮ ಮಾರ್ಕ್ಸ್ ಕಾರ್ಡಲ್ಲಿ ಒಂದು ಸೆಮಿಸ್ಟರ್‌ಗೆ 26 ಕ್ರೆಡಿಟ್ ಅಂತ ಇದ್ರೆ ಅಲ್ಲೂ 26 ಸಿಗತ್ತೆ ಅಂತ ಲೆಕ್ಕ ಹಾಕ್ಬೇಡಿ. ವಿದೇಶಿ ಇವ್ಯಾಲ್ಯುಯೇಶನ್ ಮಾಡೋರು, ಅಂದ್ರೆ ನಮ್ಮ ಓದು ಅಲ್ಲಿನ ಅಳತೇಲಿ ಎಷ್ಟಕ್ಕೆ ಸಮ ಅಂತ ನೋಡಿ ರಿಪೋರ್ಟ್ ಕೊಡೋರು, ಸಾಮಾನ್ಯವಾಗಿ ಒಂದು ವರ್ಷದ ಫುಲ್ ಟೈಮ್ ಓದನ್ನ 30 ಸೆಮಿಸ್ಟರ್ ಕ್ರೆಡಿಟ್ ಸುತ್ತಮುತ್ತ ಇಟ್ಕೊಂಡು ಅದರೊಳಗೆ ಹಂಚ್ತಾರೆ. ತೋಟದ ಮನೆಯವ್ರಿಗೆ ಇದು ಬೇಗ ಅರ್ಥ ಆಗತ್ತೆ: 50 ಕೆಜಿ ಕಾಫಿ ಚೆರಿ ಮೂಟೆ ತಗೊಂಡ್ಹೋದ್ರೆ ವ್ಯಾಪಾರಿ ಮೂಟೆ ತೂಕ ನೋಡಿ ಸುಮ್ನಾಗಲ್ಲ, ಔಟ್‌ಟರ್ನ್ ಎಷ್ಟು ಅಂತ ಕೇಳ್ತಾನೆ, ಒಳಗೆ ಬೇಳೆ ಎಷ್ಟಿದೆ ಅನ್ನೋದ್ರ ಮೇಲೆ ರೇಟು.

ಈಗ ನಿಜವಾದ ಕೆಲ್ಸಕ್ಕೆ ಬರೋಣ. ಕೆಮಿಸ್ಟ್ರಿ ತಗೊಳ್ಳಿ, ನಾನು ಪಾಠ ಮಾಡೋದು ಅದೇ. ನಮ್ಮ ಬಿಎಸ್ಸಿಲಿ ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಮೂರೂ ಸಾಮಾನ್ಯವಾಗಿ ಒಂದೇ ಪೇಪರಲ್ಲಿ ಯೂನಿಟ್ ಯೂನಿಟ್ ಆಗಿ ಬರತ್ತೆ, ಹೀಗೆ ಸೆಮಿಸ್ಟರಿಂದ ಸೆಮಿಸ್ಟರ್‌ಗೆ ಹರಡ್ಕೊಂಡಿರತ್ತೆ. ಅಮೆರಿಕಾದಲ್ಲಿ ಹಾಗಲ್ಲ, ಮೊದಲ್ನೇ ವರ್ಷ ಜನರಲ್ ಕೆಮಿಸ್ಟ್ರಿ, ಎರಡನೇ ವರ್ಷ ಪೂರ್ತಿ ಆರ್ಗ್ಯಾನಿಕ್. ನಿಮ್ಮ ಮಾರ್ಕ್ಸ್ ಕಾರ್ಡಲ್ಲಿ "ಕೆಮಿಸ್ಟ್ರಿ 1, ಕೆಮಿಸ್ಟ್ರಿ 2" ಅಂತ ಮಾತ್ರ ಇದ್ರೆ ಅವ್ರು ಎರಡನ್ನೂ ಜನರಲ್ ಕೆಮಿಸ್ಟ್ರಿ ಅಂತ ತಗೊಂಡು, ಮಿಕ್ಕಿದ್ದನ್ನ ಬರೀ ಇಲೆಕ್ಟಿವ್ ಅಂತ ಪಕ್ಕಕ್ಕೆ ಇಡ್ತಾರೆ, ನೀವು ಆರ್ಗ್ಯಾನಿಕ್ ಮತ್ತೆ ಮೊದಲಿಂದ ಕೂತು ಓದ್ಬೇಕು, ಫೀಸೂ ಕಟ್ಬೇಕು.

ಅದಕ್ಕೆ ಏನ್ ಮಾಡ್ಬೇಕು ಅಂದ್ರೆ ನೀವೇ ಒಂದು ಟೇಬಲ್ ಮಾಡಿ. ಎಡಗಡೆ ಅವರ ಕೋರ್ಸ್‌ನ ಟಾಪಿಕ್‌ಗಳು, ಅವರ ವೆಬ್‌ಸೈಟಲ್ಲಿ ಕ್ಯಾಟಲಾಗ್ ಇರತ್ತೆ. ಬಲಗಡೆ ನಿಮ್ಮ ಸಿಲಬಸ್‌ನ ಯಾವ ಸೆಮಿಸ್ಟರ್, ಯಾವ ಯೂನಿಟ್, ಎಷ್ಟು ಗಂಟೆ, ಸಿಲಬಸ್ ಪುಸ್ತಕದ ಯಾವ ಪುಟ. ಒಂದು ಸಾಲು ಹೀಗಿರ್ಬೇಕು: ಎಡಗಡೆ "ಎಸ್‌ಎನ್1, ಎಸ್‌ಎನ್2 ಮೆಕ್ಯಾನಿಸಮ್", ಬಲಗಡೆ ಅದು ಬಂದಿರೋ ಸೆಮಿಸ್ಟರ್, ಯೂನಿಟ್ ನಂಬರ್, ಗಂಟೆ, ಪುಟ. ಅದರ ಕೆಳಗಿನ ಸಾಲಲ್ಲಿ ಕಾರ್ಬೋನೈಲ್ ಕಾಂಪೌಂಡ್ಸ್, ಅದು ಬೇರೆ ಸೆಮಿಸ್ಟರಲ್ಲಿ ಇರ್ಬಹುದು, ಪರ್ವಾಗಿಲ್ಲ, ಚದುರಿ ಹೋಗಿರೋದನ್ನ ಒಂದು ಕಡೆ ಕೂಡಿಸಿ ತೋರ್ಸೋದೇ ಈ ಟೇಬಲ್‌ನ ಉದ್ದೇಶ. ಬಾಟನಿ ಝೂವಾಲಜಿ ಮಕ್ಕಳಿಗೂ ಇದೇ ದಾರಿ, ಅಲ್ಲಿ ಜನರಲ್ ಬಯಾಲಜಿ ಅಂತ ಒಂದೇ ಕೋರ್ಸಿಗೆ ನಮ್ಮ ಎರಡೂ ಸಬ್ಜೆಕ್ಟಿಂದ ಯೂನಿಟ್ ಎತ್ಕೊಂಡು ಹೊಂದಿಸ್ಬೇಕು. ಫಿಸಿಕ್ಸ್‌ನವ್ರು ಒಂದು ಮಾತು ಮರೀದೆ ಬರೀರಿ, ನಿಮ್ಮದು ಕ್ಯಾಲ್ಕುಲಸ್ ಬಳಸಿ ಕಲಿಸಿದ ಫಿಸಿಕ್ಸ್ ಅಂತ. ಅಲ್ಲಿ ಕ್ಯಾಲ್ಕುಲಸ್ ಇಲ್ದೇ ಇರೋ ಫಿಸಿಕ್ಸ್ ಬೇರೆ ಕೋರ್ಸು, ಬರೀದೆ ಹೋದ್ರೆ ಅದಕ್ಕೆ ಸೇರಿಸ್ಬಿಡೋ ಚಾನ್ಸ್ ಇದೆ.

ಆಮೇಲೆ ಎರಡು ಮೂರು ಭಾಗವಾಗಿ ಬರೋ ಕೋರ್ಸ್ ಸರಣಿನ ಮಧ್ಯದಲ್ಲಿ ಮುರೀಬೇಡಿ, ಇದನ್ನ ನಾನು ಎಲ್ರಿಗೂ ಒತ್ತಿ ಹೇಳ್ತೀನಿ. ಕ್ವಾರ್ಟರ್ ಕಾಲೇಜಲ್ಲಿ ಜನರಲ್ ಕೆಮಿಸ್ಟ್ರಿ ಮೂರು ಭಾಗ, ಎ, ಬಿ, ಸಿ ಅಂದ್ಕೊಳ್ಳಿ, ಒಂದೊಂದು 5 ಕ್ರೆಡಿಟ್, ಒಟ್ಟು 15. ಸೆಮಿಸ್ಟರ್ ಕಾಲೇಜಲ್ಲಿ ಅದೇ ವಿಷ್ಯ ಎರಡು ಭಾಗ, 5 ಮತ್ತು 5, ಒಟ್ಟು 10. ಪೂರ್ತಿ ಮುಗಿಸಿದವ್ರಿಗೆ ತೊಂದ್ರೆ ಇಲ್ಲ, 15ನ್ನ 1.5ರಿಂದ ಭಾಗಿಸಿದ್ರೆ 10, ಸರಿಯಾಗಿ ಕೂತ್ಕೊಳತ್ತೆ. ಆದ್ರೆ ಸೆಮಿಸ್ಟರ್ ಕಡೆ ಮೊದಲ್ನೇ ಭಾಗ ಮಾತ್ರ ಮುಗಿಸಿ ಕ್ವಾರ್ಟರ್ ಕಡೆ ಹೋದ್ರೆ ನಿಮಗೆ ಗೊತ್ತಿರೋದು ಎ ಪೂರ್ತಿ, ಬಿ ಅರ್ಧ. ಅರ್ಧ ಬಿಗೆ ಕ್ರೆಡಿಟ್ ಯಾರೂ ಕೊಡಲ್ಲ, ಬಿ ಮತ್ತೆ ತಗೋಬೇಕು. ಉಲ್ಟಾ ಹೋದ್ರೂ ಅಷ್ಟೇ, ಎ ಮತ್ತು ಬಿ ಮುಗಿಸಿ ಸೆಮಿಸ್ಟರ್ ಕಡೆ ಬಂದ್ರೆ 10ಕ್ಕೆ 6.67 ಅಂತ ಬರತ್ತೆ, ಅದರಲ್ಲಿ ಮೊದಲ್ನೇ ಭಾಗಕ್ಕೆ 5 ಹೋಗಿ ಉಳಿದ 1.67 ಯಾವ ಕೋರ್ಸಿಗೂ ಸೇರಲ್ಲ. ಹಾಗಾಗಿ ಒಂದು ವರ್ಷದ ಸರಣಿ ಶುರು ಮಾಡಿದ್ರೆ ಅದೇ ಜಾಗದಲ್ಲಿ ಮುಗಿಸಿ ಹೊರಡಿ, ಅಡ್ಮಿಷನ್ ಒಂದು ಟರ್ಮ್ ಮುಂದಕ್ಕೆ ಹೋದ್ರೂ ಸರಿ.

ಲ್ಯಾಬ್ ವಿಷ್ಯ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್‌ನವ್ರಿಗೆ ಮೇಜರ್ ಸೈನ್ಸ್ ಸಬ್ಜೆಕ್ಟಲ್ಲಿ ಥಿಯರಿ 4 ಕ್ರೆಡಿಟ್, ಪ್ರಾಕ್ಟಿಕಲ್ 2 ಕ್ರೆಡಿಟ್ ಬೇರೆ ಬೇರೆ ತೋರ್ಸಿರ್ತಾರೆ, ಒಳ್ಳೇದು. 2024-25ರಿಂದ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬಂದಿದೆ, ಹಾಗಾಗಿ ನಿಮ್ಮ ಅಕ್ಕನೋ ಅಣ್ಣನೋ ಕೊಟ್ಟ ಸಿಲಬಸ್ ಪಿಡಿಎಫ್ ನಿಮ್ಮದಲ್ಲ, ನೀವು ಸೇರಿದ ವರ್ಷದ ಸ್ಕೀಮ್‌ನೇ ಕಳ್ಸಬೇಕು. ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿನವ್ರ ಕೋರ್ಸ್ ಪಕ್ಕ 3 ಅಂತ ಬರ್ದು 2+1 ಅಂತ ಇರತ್ತೆ, 2 ಥಿಯರಿ 1 ಪ್ರಾಕ್ಟಿಕಲ್ ಅಂತ ಅದರ ಅರ್ಥ, ಇದನ್ನ ಹೊರಗಿನವ್ರಿಗೆ ಬಿಡಿಸಿ ಬರೀಲೇಬೇಕು, ಅವ್ರಿಗೆ ಆ ಪ್ಲಸ್ ಯಾಕೆ ಅಂತ ಗೊತ್ತಾಗಲ್ಲ. ಎಲ್ಲಕ್ಕಿಂತ ಮುಖ್ಯ, ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ಎಸೀಬೇಡಿ! ಇಂಡೆಕ್ಸ್ ಪುಟ, ಅದರಲ್ಲಿ ಪ್ರಯೋಗದ ಹೆಸರು, ತಾರೀಕು, ಲೆಕ್ಚರರ್ ಸಹಿ, ಹಿಂದೆ ಸರ್ಟಿಫೈಡ್ ಅಂತ ಎಚ್‌ಓಡಿ ಸಹಿ ಸೀಲು, ಇಷ್ಟನ್ನ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ. ನನ್ನ ಒಬ್ಳು ಸ್ಟೂಡೆಂಟ್‌ಗೆ ಅಲ್ಲಿನ ಕಾಲೇಜು ಮೊದ್ಲು ಥಿಯರಿಗೆ ಮಾತ್ರ ಕ್ರೆಡಿಟ್ ಕೊಟ್ಟಿತ್ತು, ಲ್ಯಾಬ್ ಆಗಿದ್ದಕ್ಕೆ ದಾಖಲೆ ಇಲ್ಲ ಅಂದಿದ್ರು. ಟೈಟ್ರೇಶನ್, ಆರ್ಗ್ಯಾನಿಕ್ ಪ್ರಿಪರೇಶನ್ ಎಲ್ಲಾ ತಾರೀಕು ಸಮೇತ ಇದ್ದ ಇಂಡೆಕ್ಸ್ ಪುಟ ಕಳಿಸಿದ್ಮೇಲೆ ಲ್ಯಾಬ್‌ದೂ ಕೊಟ್ರು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯೋದು ಗೊತ್ತಲ್ಲ, ಆದಷ್ಟು ಬೇಗ ಸ್ಕ್ಯಾನ್ ಮಾಡಿ.

ಹಳೇ ವಾರ್ಷಿಕ ಸ್ಕೀಮಲ್ಲಿ ಓದಿದವ್ರ ಮಾರ್ಕ್ಸ್ ಕಾರ್ಡಲ್ಲಿ ಕ್ರೆಡಿಟ್ಟೇ ಇರಲ್ಲ. ಅವ್ರು ಗಂಟೆಯಿಂದ ಲೆಕ್ಕ ಕಟ್ಬೇಕು. ವಾರಕ್ಕೆ 3 ಗಂಟೆ ಥಿಯರಿ 30 ವಾರ ನಡೆದ್ರೆ 90 ಗಂಟೆ, 15ರಿಂದ ಭಾಗಿಸಿ, 6 ಕ್ರೆಡಿಟ್. ವಾರಕ್ಕೆ 3 ಗಂಟೆ ಪ್ರಾಕ್ಟಿಕಲ್ ಆದ್ರೆ ಅದೇ 90 ಗಂಟೆಯನ್ನ 30ರಿಂದ ಭಾಗಿಸಿ, 3 ಕ್ರೆಡಿಟ್. ಗಂಟೆ ಎಷ್ಟು ಅನ್ನೋದನ್ನ ಕಾಲೇಜ್ ಲೆಟರ್‌ಹೆಡ್ ಮೇಲೆ ಪ್ರಿನ್ಸಿಪಾಲ್ ಸಹಿ ಹಾಕ್ಸಿ ತಗೊಳ್ಳಿ. ಜೊತೆಗೆ ತುಂಬಾ ವರ್ಷ ಹಳೇದಾದ ಸೈನ್ಸ್ ಕೋರ್ಸನ್ನ ಎಷ್ಟೋ ಕಾಲೇಜು ತಗೊಳ್ಳಲ್ಲ, ಅದನ್ನ ಫೀಸ್ ಕಟ್ಟೋ ಮುಂಚೆನೇ ಇಮೇಲಲ್ಲಿ ಕೇಳ್ಬಿಡಿ.

ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಓದಿದ ಎಲ್ಲಾ ಕೋರ್ಸು ಮಾರ್ಕ್ಸ್ ಸೇರ್ಸಿ ಯೂನಿವರ್ಸಿಟಿ ಕೊಡೋ ದಾಖಲೆ, ಎಲ್ಲಿ ತಗೊಳ್ಳೋದು ಅನ್ನೋ ಗೊಂದಲ ನಮ್ಮ ಜಿಲ್ಲೇಲಿ ಸ್ವಲ್ಪ ಜಾಸ್ತಿನೇ ಇದೆ, ಯಾಕಂದ್ರೆ ಮೊದ್ಲು ಎಲ್ಲಾ ಮಂಗಳೂರು ಯೂನಿವರ್ಸಿಟಿ ಕೆಳಗೆ ಇತ್ತು, 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ಯೂನಿವರ್ಸಿಟಿ ಆಯ್ತು. ಸಿಂಪಲ್ಲಾಗಿ ಹೇಳೋದಾದ್ರೆ ನಿಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಯೂನಿವರ್ಸಿಟಿ ಹೆಸರಿದೆಯೋ ಅಲ್ಲೇ ಅರ್ಜಿ ಹಾಕಿ. ಮಂಗಳೂರು ಅಂತಿದ್ರೆ ಕೊಣಾಜೆ. ಖುದ್ದಾಗಿ ಹೋಗೋ ಹಾಗಿದ್ರೆ ಜೂನ್ ಒಳಗೆ ಮುಗಿಸ್ಕೊಳ್ಳಿ, ಆಮೇಲೆ ಸಂಪಾಜೆ ಘಾಟಿ ಯಾವಾಗ ಕುಸಿಯತ್ತೋ ಹೇಳಕ್ಕಾಗಲ್ಲ, 2018ರ ಆಗಸ್ಟ್ ಯಾರೂ ಮರ್ತಿಲ್ಲ. ಇವ್ಯಾಲ್ಯುಯೇಶನ್‌ಗೆ ಅರ್ಜಿ ಹಾಕೋವಾಗ ಕೋರ್ಸ್ ಬೈ ಕೋರ್ಸ್ ರಿಪೋರ್ಟ್‌ನೇ ಕೇಳಿ. ಬರೀ ಡಿಗ್ರಿ ಸಮ ಅಂತ ಹೇಳೋ ರಿಪೋರ್ಟ್ ಕಮ್ಮಿ ದುಡ್ಡಿಗೆ ಸಿಗತ್ತೆ, ಆದ್ರೆ ಕ್ರೆಡಿಟ್ ಟ್ರಾನ್ಸ್‌ಫರ್‌ಗೆ ಅದು ಪ್ರಯೋಜನ ಇಲ್ಲ.

ಕ್ಯಾಲೆಂಡರ್ ಕೂಡ ನೋಡ್ಕೊಳ್ಳಿ. ಅಲ್ಲಿ ಸೆಮಿಸ್ಟರ್ ಕಾಲೇಜು ಆಗಸ್ಟ್ ಕೊನೇಲಿ ಶುರು ಆದ್ರೆ ಕ್ವಾರ್ಟರ್ ಕಾಲೇಜು ಸೆಪ್ಟೆಂಬರ್ ಕೊನೇಲಿ. ಇಲ್ಲಿ ರಿಸಲ್ಟ್ ತಡ ಆಗೋ ಮಕ್ಕಳಿಗೆ ಆ ಒಂದು ತಿಂಗಳು ದೊಡ್ಡ ಉಪಕಾರ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಲೇ ಬರ್ಕ್ಲಿ ಮತ್ತು ಮರ್ಸೆಡ್ ಸೆಮಿಸ್ಟರ್, ಲಾಸ್ ಏಂಜಲೀಸ್, ಡೇವಿಸ್ ಎಲ್ಲಾ ಕ್ವಾರ್ಟರ್, ಒಂದೇ ಹೆಸರು ಅಂತ ಒಂದೇ ಲೆಕ್ಕ ಹಾಕ್ಬೇಡಿ. ಜನವರಿಲಿ ಸೇರೋರು ಕ್ವಾರ್ಟರ್ ಕಡೆ ಹೋದ್ರೆ ಸರಣಿಯ ಎರಡನೇ ಭಾಗ ನಡೀತಿರತ್ತೆ, ಮೊದಲ್ನೇ ಭಾಗ ಆಗ ಇದೆಯಾ ಅಂತ ಕೇಳ್ಕೊಂಡೇ ಟಿಕೆಟ್ ಮಾಡ್ಸಿ.

ವಿದೇಶ ಬೇಡ, ಮೈಸೂರಿಗೋ ಬೆಂಗಳೂರಿಗೋ ಹೋಗ್ತೀನಿ ಅನ್ನೋರು ಡಿಜಿಲಾಕರಲ್ಲಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಕ್ರೆಡಿಟ್ ಜಮಾ ಆಗೋ ಖಾತೆ) ಐಡಿ ಮಾಡ್ಕೊಳ್ಳಿ, ಈಗ ಅದನ್ನ 12 ಅಂಕಿಯ ಅಪಾರ್ ಐಡಿ ಅಂತಾರೆ. 2021ರ ನಿಯಮದ ಪ್ರಕಾರ ಅದರಲ್ಲಿ ಜಮಾ ಆದ ಕ್ರೆಡಿಟ್ 7 ವರ್ಷದವರೆಗೆ ಇರತ್ತೆ, ಆದ್ರೆ ಡಿಗ್ರಿ ಕೊಡೋ ಸಂಸ್ಥೆಲೇ ಕನಿಷ್ಠ 50% ಕ್ರೆಡಿಟ್ ಮಾಡಿರ್ಬೇಕು. ನಿಮ್ಮ ಎಲ್ಲಾ ಸೆಮಿಸ್ಟರ್ ಕ್ರೆಡಿಟ್ ಅಲ್ಲಿ ಕಾಣಿಸ್ತಿದೆಯಾ ಅಂತ ಲಾಗಿನ್ ಆಗಿ ನೋಡಿ, ಇಲ್ದೆ ಇದ್ರೆ ಕಾಲೇಜು ಬಿಡೋ ಮುಂಚೆ ಆಫೀಸಲ್ಲಿ ಹೇಳಿ ಅಪ್‌ಲೋಡ್ ಮಾಡ್ಸಿ, ಟಿಸಿ ತಗೊಂಡ್ಮೇಲೆ ಓಡಾಡ್ಸೋದು ಜಾಸ್ತಿ.

ಕೊನೇದಾಗಿ, ಮೊದಲ್ನೇ ಉತ್ತರದಲ್ಲಿ ಇಲ್ಲ ಅಂದ್ರೆ ಬಿಟ್ಬಿಡ್ಬೇಡಿ. ಅಡ್ಮಿಷನ್ ಆಫೀಸಿನವ್ರು ಕೋರ್ಸ್ ಹೆಸರು ನೋಡಿ ಹೇಳಿರ್ತಾರೆ, ಸಿಲಬಸ್ ಓದಿ ತೀರ್ಮಾನ ಮಾಡೋರು ಡಿಪಾರ್ಟ್‌ಮೆಂಟಿನವ್ರು. ಡಿಪಾರ್ಟ್‌ಮೆಂಟಿಗೆ ರಿವ್ಯೂ ಮಾಡಿ ಅಂತ ಬರೀರಿ, ಆ ಟೇಬಲ್, ಸಿಲಬಸ್ ಪುಟ, ರೆಕಾರ್ಡ್ ಇಂಡೆಕ್ಸ್ ಮೂರೂ ಒಂದೇ ಪಿಡಿಎಫ್ ಮಾಡಿ ಸೇರ್ಸಿ. 4 ಕ್ವಾರ್ಟರ್ ಕ್ರೆಡಿಟ್ 2.67 ಆಗಿ 3 ಬೇಕು ಅನ್ನೋ ಕಡೆ ನಿಂತೋಗಿದ್ರೆ, ವಿಷ್ಯ ಪೂರ್ತಿ ಕವರ್ ಆಗಿದೆ, ಅಗತ್ಯ ಪೂರೈಸಿದೆ ಅಂತ ತಗೋಬಹುದಾ ಅಂತ ಕೇಳಿ, ಕೆಲವು ಕಡೆ ಒಪ್ತಾರೆ. ಕ್ರೆಡಿಟ್ ಕೊಡಲ್ಲ ಅಂದ್ರೂ ಆ ಕೋರ್ಸ್ ಮತ್ತೆ ತಗೊಳ್ದೆ ಮುಂದಿನದಕ್ಕೆ ಸೇರೋಕೆ ಬಿಡ್ತೀರಾ ಅಂತ ಕೇಳಿ, ಕೆಲವು ಕಡೆ ಅದಕ್ಕೊಂದು ಪ್ಲೇಸ್‌ಮೆಂಟ್ ಪರೀಕ್ಷೆ ಇಡ್ತಾರೆ. ಬಂದ ಉತ್ತರ ಫೋನಲ್ಲಿ ಹೇಳಿದ್ದು ಸಾಲದು, ಇಮೇಲಲ್ಲೇ ತಗೊಂಡು ಸೇವ್ ಮಾಡಿ ಇಟ್ಕೊಳ್ಳಿ.