ಕೆರೆಯಲ್ಲಿ ವಿಷಪಾಚಿ ಎದ್ದಿದೆಯೇ? ದಡದಲ್ಲಿ ನಿಂತು ಗಮನಿಸುವ ಕ್ರಮ

ಕಾರವಾರದ ಕಡಲಿನಲ್ಲಿ ಪಾಚಿ ಉಕ್ಕಿದರೆ ಉಪಗ್ರಹದ ಮೂಲಕ ನೋಡಿ ತಿಳಿಸಲು ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಿದೆ. ಹುಬ್ಬಳ್ಳಿಯ ಉಣಕಲ್ ಕೆರೆ ಅಥವಾ ಧಾರವಾಡದ ಕೆಲಗೇರಿ ಕೆರೆ ಹಸಿರುಗಟ್ಟಿದರೆ ಅದನ್ನು ಮೊದಲು ಕಾಣುವವರು ಬೆಳಿಗ್ಗೆ ದಂಡೆಯ ಮೇಲೆ ಅಡ್ಡಾಡುವವರು; ಆದ್ದರಿಂದ ಈ ಕೆಲಸದ ಮೊದಲ ಭಾಗ ಅವರಿಂದಲೇ ಆಗಬೇಕು.

ಹಸಿರಾಗಿ ಕಂಡದ್ದೆಲ್ಲ ವಿಷವಲ್ಲ. ಅಂತರಗಂಗೆ ಎಲೆ, ಬೇರು ಉಳ್ಳ ಗಿಡ. ಅದನ್ನು ಲೆಕ್ಕದಿಂದ ಬಿಡಿ. ನಾವು ಹುಡುಕುವುದು ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯನ್ನು; ವಿಷಪಾಚಿ ಎನ್ನುವುದು ಇದನ್ನೇ, ಇದರ ಕೆಲವು ಜಾತಿಗಳು ವಿಷ ಉಂಟುಮಾಡುತ್ತವೆ. ಉದ್ದನೆಯ ಕಟ್ಟಿಗೆಯೊಂದನ್ನು ನೀರಿನ ಮೇಲ್ಪದರದಲ್ಲಿ ಆಡಿಸಿ ಮೇಲಕ್ಕೆತ್ತಿದಾಗ ನೂಲಿನಂತಹ ಎಳೆಗಳು ಜೋತುಬಿದ್ದರೆ ಅದು ಸಾಮಾನ್ಯವಾಗಿ ನಿರಪಾಯದ ಹಾವಸೆ. ಎಳೆಯಿಲ್ಲದೆ, ಬಾಗಿಲಿಗೆ ಬಳಿಯುವ ಎಣ್ಣೆಬಣ್ಣದಂತೆ ಕಟ್ಟಿಗೆಗೆ ಮೆತ್ತಿಕೊಂಡರೆ ಅನುಮಾನಿಸಬೇಕು.

ಅನುಮಾನ ಬಂದ ದಿನ ಕೈಗವಸು ಹಾಕಿಕೊಂಡು ಗಾಜಿನ ಭರಣಿಯೊಂದರಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ, ಅಲುಗಿಸದೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. (ಭರಣಿಗೆ ಚೀಟಿ ಅಂಟಿಸಿ ಮನೆಯವರಿಗೂ ಹೇಳಿಡಿ, ಹೊರಗಿನಿಂದ ಅದು ಕೊತ್ತಂಬರಿ ಚಟ್ನಿಯ ನೀರಿನಂತೆಯೇ ಕಾಣುತ್ತದೆ.) ಸಯನೋಬ್ಯಾಕ್ಟೀರಿಯಾದ ಅನೇಕ ಜಾತಿಗಳ ಜೀವಕೋಶಗಳೊಳಗೆ ಗಾಳಿಚೀಲಗಳಿರುವುದರಿಂದ ಅವು ಬೆಳಗಾಗುವಷ್ಟರಲ್ಲಿ ಮೇಲೆ ತೇಲಿ ಹಸಿರು ಉಂಗುರ ಕಟ್ಟುತ್ತವೆ, ಹಸಿರೆಲ್ಲ ತಳಕ್ಕೆ ಕೂತಿದ್ದರೆ ಬೇರೆ ಪಾಚಿ ಇರುವ ಸಂಭವ ಹೆಚ್ಚು. ಈ ಪರೀಕ್ಷೆ ಜಾತಿಯ ಸುಳಿವು ಕೊಡುತ್ತದೆಯೇ ಹೊರತು ವಿಷವಿದೆಯೇ ಎಂಬುದನ್ನು ಹೇಳುವುದಿಲ್ಲ.

ನೋಡುವ ಹೊತ್ತು ಮತ್ತು ಜಾಗದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಗಾಳಿ ಏಳುವ ಮೊದಲು, ಬೆಳಗಿನ ನಿಶ್ಚಲ ನೀರಿನ ಮೇಲೆ ಪಾಚಿಯ ಕೆನೆ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಗಾಳಿ ಅದನ್ನು ಎದುರು ದಡಕ್ಕೆ ತಳ್ಳುತ್ತದೆ; ಪಡುವಣ ಗಾಳಿ ಬೀಸುವ ದಿನಗಳಲ್ಲಿ ಮೂಡಣ ದಡದ ಮೂಲೆಗಳಲ್ಲಿ ದಪ್ಪಗೆ ಕಟ್ಟಿ ನಿಂತ ಪಾಚಿ ಪಡುವಣ ಮೆಟ್ಟಿಲ ಮೇಲೆ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ ಚರಂಡಿ ಸೇರುವ ಬಾಯಿ, ಕೋಡಿಯ ಬಳಿ, ಗಾಳಿ ತಳ್ಳುವ ದಡ ಎಂದು ಮೂರು ಜಾಗಗಳನ್ನು ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿಯೂ ಮಳೆ ನಿಂತು ಬಿಸಿಲು ಏರುವ ದಿನಗಳಲ್ಲಿಯೂ ವಾರಕ್ಕೆರಡು ಬಾರಿ ನೋಡಿ, ಗಾಳಿಯ ದಿಕ್ಕು, ಬಣ್ಣ, ವಾಸನೆ, ಸತ್ತ ಮೀನು ಇವನ್ನು ಬರೆದಿಡಬೇಕು. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನ ಆಮ್ಲಜನಕ ಕುಸಿದಿದೆ ಎಂದೇ ತಿಳಿಯಿರಿ.

ತಿಳಿತನ ಅಳೆಯಲು 20 ಸೆಂಟಿಮೀಟರ್ ಅಗಲದ ದುಂಡು ತಗಡಿಗೆ ಕಪ್ಪು-ಬಿಳುಪು ಬಳಿದು, ಹಗ್ಗಕ್ಕೆ ಕಟ್ಟಿ ಇಳಿಸಿದರೆ ಸಾಕು. ಅದು ಕಣ್ಮರೆಯಾಗುವ ಆಳ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರೆ, ಮತ್ತು ಅದು ಮಳೆಯ ಕೆಸರಿನಿಂದಲ್ಲವಾದರೆ, ಪಾಚಿ ಬೆಳೆಯುತ್ತಿದೆ ಎಂದರ್ಥ.

ಪ್ರಯೋಗಾಲಯಕ್ಕೆ ಎರಡು ಬಾಟಲಿ ಕಳುಹಿಸಬೇಕು. ಸೂಕ್ಷ್ಮದರ್ಶಕಕ್ಕೆ ಹೋಗುವ ಬಾಟಲಿಗೆ ಲ್ಯೂಗಾಲ್ ಅಯೋಡಿನ್ (ಜೀವಕೋಶಗಳು ಕೆಡದಂತೆ ಇಡುವ ದ್ರಾವಣ) ಅನ್ನು ನೀರು ತಿಳಿ ಚಹಾದ ಬಣ್ಣಕ್ಕೆ ಬರುವವರೆಗೆ ಹನಿಸಬೇಕು. ವಿಷದ ಪರೀಕ್ಷೆಗೆ ಹೋಗುವ ಬಾಟಲಿಗೆ ಏನನ್ನೂ ಬೆರೆಸದೆ, ಕಂದು ಗಾಜಿನಲ್ಲಿ, ಮಂಜುಗಡ್ಡೆಯ ಜೊತೆ 24 ಗಂಟೆಯೊಳಗೆ ತಲುಪಿಸಬೇಕು. ಮೈಕ್ರೊಸಿಸ್ಟಿನ್-ಎಲ್‌ಆರ್ ಎಂಬ, ಸಯನೋಬ್ಯಾಕ್ಟೀರಿಯಾದಿಂದ ಬರುವ, ಯಕೃತ್ತನ್ನು ಕೆಡಿಸುವ ವಿಷಕ್ಕೆ ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ನೀರನ್ನು ಕುದಿಸಿದರೆ ಈ ವಿಷ ಹೋಗುವುದಿಲ್ಲ.

ಪಾಚಿ ಕಂಡ ಕೂಡಲೇ ಅದನ್ನು ಕೊಲ್ಲಲು ಮೈಲುತುತ್ತ ಸುರಿಯುವುದು ತಪ್ಪೆಂದು ನನ್ನ ಅಭಿಪ್ರಾಯ. ಅದರಿಂದ ಒಡೆದ ಜೀವಕೋಶಗಳಿಂದ ವಿಷವೆಲ್ಲ ಒಮ್ಮೆಲೇ ನೀರಿಗೆ ಬರುತ್ತದೆ. ಫಲಿತಾಂಶ ಬರುವವರೆಗೆ ದನ, ಎಮ್ಮೆಗಳನ್ನು ಕೆರೆಗೆ ಇಳಿಸಬಾರದು. ಈಗಾಗಲೇ ಇಳಿದಿದ್ದರೆ, ಅವು ಮೈ ನೆಕ್ಕಿಕೊಳ್ಳುವ ಮೊದಲೇ ನಳದ ನೀರಿನಿಂದ ತೊಳೆಯಬೇಕು.