ಕೆನ್ನೆಯ ಗಂಟು, ಅಂಗಾಲಿನ ಕಪ್ಪು: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಾನು ಚರ್ಮದ ಡಾಕ್ಟರು. ಒಮ್ಮೆ ಮೂಡಿಗೆರೆ ಕಡೆಯಿಂದ 74 ವರ್ಷದ ಅಜ್ಜ ಒಬ್ಬರು ಬಂದರು. ಕಾಫಿ ತೋಟದಲ್ಲೇ ದುಡಿದು ಹಣ್ಣಾದ ಜೀವ. ಕೆನ್ನೆಯ ಮೇಲೆ ಗೋಲಿಯಷ್ಟು ದಪ್ಪದ ಕೆಂಪು ಗಂಟು. ಬೇರೆ ಕಡೆ ಕುರು ಅಂತ ಎರಡು ಸಲ ಮಾತ್ರೆ ಕೊಟ್ಟಿದ್ದರಂತೆ.

"ಎರಡೇ ತಿಂಗಳಲ್ಲಿ ಇಷ್ಟಾಯ್ತು ಡಾಕ್ಟ್ರೇ, ನೋವು ಮಾತ್ರ ಇಲ್ಲ" ಅಂದರು. ನನಗೆ ಭಯವಾಗಿದ್ದು ಆ ಮಾತಿಗೇ. ಕುರು ಆಗಿದ್ದರೆ ನೋಯಬೇಕಿತ್ತು.

ಬಯಾಪ್ಸಿಯಲ್ಲಿ ಒತ್ತೊತ್ತಾಗಿ ಸಣ್ಣ ನೀಲಿ ಕೋಶಗಳು ಕಂಡವು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತದೆ. ಅದಕ್ಕೇ ಪೆಥಾಲಜಿಸ್ಟ್ ಇನ್ನೆರಡು ಪರೀಕ್ಷೆ ಮಾಡಿದರು. ಸಿಕೆ20 ಅನ್ನೋ ಗುರುತಿನ ಪ್ರೋಟೀನ್ ಪಾಸಿಟಿವ್, ಶ್ವಾಸಕೋಶದ ಆ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಸಿಗುವ ಟಿಟಿಎಫ್1 ನೆಗೆಟಿವ್. ಅಂದರೆ ಮರ್ಕೆಲ್ ಸೆಲ್ ಕಾರ್ಸಿನೋಮ ಅನ್ನೋ ಚರ್ಮದ ಕ್ಯಾನ್ಸರ್, ತೀರಾ ಅಪರೂಪದ್ದು. ಇಂಥ ಬಹಳಷ್ಟು ಗಂಟುಗಳಲ್ಲಿ ಒಂದು ವೈರಸ್ ಇರುತ್ತದೆ ಅಂತ ಗೊತ್ತಾಗಿದ್ದೇ 2008ರಲ್ಲಿ.

ಒಂದು ಚರ್ಮದ ಕ್ಯಾನ್ಸರ್ ಸಿಕ್ಕರೆ ನಾನು ಇಡೀ ಮೈ ನೋಡುತ್ತೇನೆ. ನೆತ್ತಿ, ಕಿವಿಯ ಹಿಂದೆ, ಬೆರಳ ಸಂದು, ಉಗುರು, ಒಂದನ್ನೂ ಬಿಡುವುದಿಲ್ಲ.

"ಗಂಟಿರೋದು ಕೆನ್ನೇಲಿ ಅಲ್ವಾ?" ಅಂತ ಅಜ್ಜ ಸಂಕೋಚದಿಂದಲೇ ಕಾಲು ಚಾಚಿದರು. ಅಂಗಾಲಿನ ತುಂಬ ತೋಟದ ಮಣ್ಣಿನ ಕಲೆ. ಒದ್ದೆ ಹತ್ತಿಯಿಂದ ಒರೆಸಿದೆ. ಕಲೆಯೆಲ್ಲ ಹೋಯಿತು, ಹಿಮ್ಮಡಿ ಹತ್ತಿರದ ಒಂದು ಕಪ್ಪು ಮಾತ್ರ ಹೋಗಲಿಲ್ಲ. "ಇಂಬಳ ಕಚ್ಚಿದ್ದಿರಬೇಕು ಬಿಡಿ" ಅಂದರು.

ಚರ್ಮವನ್ನು ದೊಡ್ಡದು ಮಾಡಿ ತೋರಿಸುವ ಡರ್ಮಟೋಸ್ಕೋಪ್ ಇಟ್ಟೆ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ, ಏರು ತಗ್ಗಿನ ಗೆರೆಗಳು. ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿರುತ್ತದೆ. ಇಲ್ಲಿ ಏರಿನ ಮೇಲಿತ್ತು. ಬಯಾಪ್ಸಿಯಲ್ಲಿ ಮೆಲನೋಮ ಅಂತಲೇ ಬಂತು, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ನಮ್ಮಂಥ ಕಂದು ಮೈಯವರಿಗೆ ಅದು ಬರುವುದೇ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೇ ಜಾಸ್ತಿ. ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ.

ಒಬ್ಬರಿಗೇ ಎರಡೂ ಯಾಕೆ? ಸುಮ್ನೆ ಬಿಡಲಾಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ ವಿಪರೀತ ಜಾಸ್ತಿಯಿತ್ತು. ವಯಸ್ಸಾದವರಲ್ಲಿ ನಿಧಾನಕ್ಕೆ ಬೆಳೆಯುವ ಒಂದು ರಕ್ತದ ಕ್ಯಾನ್ಸರ್, ಸಿಎಲ್‌ಎಲ್. ಅದು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಅದಿದ್ದವರಿಗೆ ಈ ಎರಡು ಚರ್ಮದ ಕ್ಯಾನ್ಸರ್‌ಗಳ ಅಪಾಯವೂ ಹೆಚ್ಚು.

ಬೆಂಗಳೂರಿನಲ್ಲಿ ಎರಡಕ್ಕೂ ಆಪರೇಷನ್ ಆಯಿತು, ಕೆನ್ನೆಗೆ ರೇಡಿಯೇಷನ್ ಕೂಡ ಕೊಟ್ಟರು. ಈಗ ಅಜ್ಜ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಕೆನ್ನೆಯದು ಹರಡಿದರೆ ಮೊದಲು ಕುತ್ತಿಗೆಗೆ, ಕಾಲಿನದು ತೊಡೆಸಂದಿಗೆ. ಎರಡೂ ಕಡೆ ಗಂಟು ಸಿಗುತ್ತದಾ ಅಂತ ಬೆರಳೊತ್ತಿ ನೋಡುತ್ತೇನೆ. ಆಮೇಲೆ ಮತ್ತೆ ನೆತ್ತಿಯಿಂದ ಶುರು.